ಮೂರನೆಯದು

ಹುತ್ತರಿ ಕಳೆದು ಎಂಟು ದಿನ. ಗದ್ದೆಯಲ್ಲಿ ಕೂಳೆ ಮಾತ್ರ,
ಕೂಳೆಯ ಮೇಲೆ ಮಂಜು, ಮಂಜಿನೊಳಗೆ
ಉತ್ತಯ್ಯ ಮಾವನ ಬೆನ್ನು.
ಬೆನ್ನು ನೋಡಿಕೊಂಡು ನಡೆ ಅಂದಿದ್ದರು,
ದಾರಿಗೆ ಬೇರೆ ಗುರುತಿರಲಿಲ್ಲ.

ನಾಯಿ ಇದ್ದಿದ್ದರೆ ನನ್ನನ್ನು ಕರೆಯುತ್ತಿರಲಿಲ್ಲ.
ದೊರೆ ಎಂಬ ಆ ನಾಯಿಯನ್ನು ತುಲಾ ತಿಂಗಳಲ್ಲಿ
ಕಣದ ಅಂಚಿನಿಂದಲೇ ಚಿರತೆ ಒಯ್ದಿತ್ತು.
ನೀರಿಗೆ ಬಿದ್ದ ಹಕ್ಕಿ ತರಲು ಯಾರಾದರೂ ಬೇಕು.
ಗಂಡುಹುಡುಗರು ಕೆಮ್ಮುತ್ತಾರೆ, ಪಿಸುಗುಡುತ್ತಾರೆ,
ನನಗೂ ಒಂದು ತೋಟೆ ಕೊಡಿ ಅನ್ನುತ್ತಾರೆ.
"ನೀನು ಹುಟ್ಟಿದಾಗ ಯಾರೂ ಗುಂಡು ಹಾರಿಸಲಿಲ್ಲ,
ಅದಕ್ಕೇ ನಿನ್ನ ಕಾಲಿಗೆ ಸದ್ದಿಲ್ಲ" ಅಂದರು ಮಾವ.
ಹೊಗಳಿಕೆಯೋ ಏನೋ. ನನಗಾಗ ಹನ್ನೊಂದು.
ಹೊಗಳಿಕೆ ಅಂತಲೇ ಎತ್ತಿಟ್ಟುಕೊಂಡೆ.

ತೋಡು ಅಲ್ಲಿ ಎರಡು ಸಲ ಬಳುಕಿ ಕೀರೆಹೊಳೆಗೆ ಸೇರುತ್ತದೆ.
ಎರಡನೇ ತಿರುವಿನ ಮುಂಡುಗದ ಪೊದೆಯ ಹಿಂದೆ
ಮೊಣಕಾಲೂರಿ ಕೂತೆವು.
ಮಾವನ ಕೋಟಿನ ಕರ್ಪೂರ, ಬೀಡಿ, ಬಂದೂಕಿನ ಎಣ್ಣೆ,
ಎಲ್ಲ ನನ್ನ ಮೂಗಿನ ಹತ್ತಿರ.
ಮೊದಲು ಕಂಡದ್ದಲ್ಲ, ಕೇಳಿಸಿದ್ದು:
ಪೋಕರಿ ಹುಡುಗನೊಬ್ಬ ಬಾಯಲ್ಲಿ ನೀರಿಟ್ಟುಕೊಂಡು
ಹಾಕಿದಂಥ ಸಿಳ್ಳೆ. ಆಮೇಲೆ ಇನ್ನೊಂದು.
ಮಂಜು ಒಂದು ಮೊಳ ಎದ್ದಿತು.
ಅದರಡಿ ಹದಿನೈದಿಪ್ಪತ್ತು ಸಿಳ್ಳೆಬಾತು,
ಕಂದು, ಸಾಧಾರಣ,
ಒಂದು ಇನ್ನೊಂದರ ಕತ್ತು ಕೆರೆಯುತ್ತಿತ್ತು,
ಬೆಳಗಿನ ಬಿಸಿಲಿಗೆ ಹೆಂಗಸರು
ಒಬ್ಬರ ತಲೆ ಒಬ್ಬರು ಬಾಚುವ ಹಾಗೆ.

ಕೂತ ಹಕ್ಕಿಗೆ ಮಾವ ಹೊಡೆಯುವವರಲ್ಲ.
ನಾಲಿಗೆಯಲ್ಲಿ ಟಕ್ ಅಂದರು. ಎಲ್ಲ ಎದ್ದವು.
ಆಮೇಲೆ ಆ ಎರಡು ಸದ್ದು.
ಒಂದು ಇವತ್ತಿಗೂ ನನ್ನ ಎಡಗಿವಿಯಲ್ಲಿದೆ,
ಡಾಕ್ಟರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ.

ಮೂರು ಬಿದ್ದವು. ನಾನು ಎಣಿಸಿದೆ, ಅವರೂ ಎಣಿಸಿದರು.

ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದೆ.
ನೀರು ಮೊದಲು ಕಚ್ಚಿತು, ಆಮೇಲೆ ಸುಮ್ಮನಾಯಿತು.
ಒಂದು ತೇಲುತ್ತಿತ್ತು, ಒಂದು ಕಾಡುಕೆಸುವಿನ ನಡುವೆ;
ಎರಡೂ ಬೆಚ್ಚಗೆ, ಆಗಷ್ಟೇ ಹಂಚಿನಿಂದ ತೆಗೆದ
ಅಕ್ಕಿ ಒಟ್ಟಿಯಷ್ಟು.
ಮೂರನೆಯದು ಇಲ್ಲ.
ರೆಕ್ಕೆ ಮುರಿದದ್ದು ಮುಳುಗಿ ಬೇರು ಕಚ್ಚಿಕೊಳ್ಳುತ್ತದೆ,
ಕೊಕ್ಕಿನ ತುದಿ ಹುಡುಕು, ಅಂದಿದ್ದರು.
ಹುಡುಕಿದೆ. ಜೊಂಡಿನ ಬುಡದಲ್ಲಿ
ಒಂದು ಕಪ್ಪು ಚೂರು, ಹುಣಸೆಬೀಜದಷ್ಟು,
ಸುತ್ತ ನೀರು ಸಣ್ಣಗೆ ಉಸಿರಾಡುತ್ತಿತ್ತು.
ಬಗ್ಗಿದೆ. ನೀರಿನೊಳಗಿಂದ ಒಂದು ಕಣ್ಣು,
ನನ್ನನ್ನಲ್ಲ, ನನ್ನಾಚೆಗೆ ಎಲ್ಲೋ ನೋಡುತ್ತಿತ್ತು.
ಆ ನೋಟ ನನಗೆ ಗೊತ್ತು. ಮೇಷ್ಟರು ಲೆಕ್ಕ ಕೇಳುವಾಗ
ಹಿಂದಿನ ಬೆಂಚಿನಲ್ಲಿ ನಾನೂ ಹಾಗೇ ಕೂರುತ್ತಿದ್ದೆ,
ಇಲ್ಲವೇ ಇಲ್ಲ ಎಂಬಂತೆ.

"ಸಿಕ್ಕಿತಾ?"
"ಇಲ್ಲ ಮಾವ."

ದಡದಿಂದ ಅವರು ಆ ಜೊಂಡನ್ನೇ ನೋಡಿದರು.
ಬಹಳ ಹೊತ್ತು ನೋಡಿದರು. ಬಂದೂಕು ಮಡಿಸಿ
ಖಾಲಿ ತೋಟೆಗಳನ್ನು ನನ್ನ ಒದ್ದೆ ಕೈಗಿಟ್ಟರು.
"ನೀರುನಾಯಿ ಇರ್ತದೆ ಈ ಕಡೆ" ಅಂದರು.
ಆ ಕಡೆ ನೀರುನಾಯಿಯನ್ನು ಯಾರೂ ಕಂಡದ್ದಿಲ್ಲ.

ಮನೆಯಲ್ಲಿ ಕಾಚಂಪುಳಿ ಹಾಕಿ ಬೇಯಿಸಿದರು.
ನಾನೂ ತಿಂದೆ. ರುಚಿಯಾಗಿತ್ತು, ಸುಳ್ಳೇಕೆ?
ಹಲ್ಲಿಗೆ ಸಿಕ್ಕ ಚರೆಯನ್ನು ಮಾವ ತಟ್ಟೆಯಂಚಿಗಿಟ್ಟು
ನನ್ನ ಕಡೆ ನೋಡದೆ ಇನ್ನೆರಡು ಕಡುಬು ಕೇಳಿದರು.
ರಾತ್ರಿ ತೋಡಿನ ಕಡೆ ನರಿ ಕೂಗಿತು.
ಎದ್ದು ಕೂತೆ.
ಮುರಿದ ರೆಕ್ಕೆಗೆ ಎಷ್ಟು ರಾತ್ರಿ ಉಳಿದಿರುತ್ತದೆಂದು
ಯಾರನ್ನು ಕೇಳುವುದು? ಕೇಳಿದರೆ ಕಂಡದ್ದು ಗೊತ್ತಾಗುತ್ತದೆ.
ಕರುಣೆ ಅಂತ ಅದಕ್ಕೆ ನಾನು ಈಗಲೂ ಹೆಸರಿಟ್ಟಿಲ್ಲ.

ಮಾವ ಹೋದ ದಿನ ಅಂಗಳದಲ್ಲಿ ಎರಡು ಗುಂಡು ಹಾರಿಸಿದರು,
ಸಾವಿಗೆ ಎರಡು, ಊರಿಗೆ ತಿಳಿಯಲೆಂದು.
ಸದ್ದು ಗದ್ದೆ ದಾಟಿ ತೋಡಿನ ಕಡೆಗೇ ಹೋಯಿತು.
ಎಲ್ಲರೂ ಅಳುತ್ತಿದ್ದರು.
ನಾನು ಬಿಳಿ ಸೀರೆಯ ಅಂಚೆತ್ತಿ
ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ,
ನೀರಿಗಿಳಿಯುವವಳ ಹಾಗೆ.